ಇಳಕಲ್ಲಿನ ಬಿಲ್ಲು, ಅಮೆರಿಕದ ದರ

ಬಾಗಲಕೋಟೆ ಜಿಲ್ಲೆಯ ಅಂಗಡಿ, ಲಾಡ್ಜು, ಗ್ರಾನೈಟ್ ಕಚೇರಿಗಳ ಫೋನು, ಇಂಟರ್ನೆಟ್ ಬಿಲ್ಲು ಓದಿ ಯಾವ ಪ್ಲಾನ್ ಹೊಂದೀತು ಎಂದು ಹೇಳುವುದು ನನ್ನ ಕಸುಬು. ಇಳಕಲ್ಲಿನ ಸೀರೆ ಅಂಗಡಿಯಲ್ಲಿ ಕೂತರೆ ಸಾಕು, ಪರದೇಶದಲ್ಲಿರುವ ಮಗನ ಮಾತು ಬಂದೇ ಬರುತ್ತದೆ. “ಅಲ್ಲಿ ಐವತ್ತು ಡಾಲರ್ ಕೊಡ್ತಾರಂತ್ರೀ, ನಮ್ದು ಭಾಳ ಅಗ್ಗ ಐತಿ.” ಐತಿ, ಖರೆ. ಆದರೆ ಯಾರಿಗೆ ಅಗ್ಗ, ಎಷ್ಟು ಅಗ್ಗ ಎಂದು ಲೆಕ್ಕಕ್ಕೆ ಕೂತಾಗ ಕಲಿತದ್ದು ಇಲ್ಲಿದೆ.

1. ದರ ನೋಡುವ ಮೊದಲು ದುಡ್ಡು ಯಾರ ಕಿಸೆಯಿಂದ ಯಾರ ಕಿಸೆಗೆ ಹೋಗುತ್ತದೆ ಎಂದು ನೋಡಿ. 2003ರ ತನಕ ನಮ್ಮಲ್ಲೂ ಮೊಬೈಲಿಗೆ ಬಂದ ಕರೆಗೆ ಹಣ ತೆರಬೇಕಿತ್ತು. ಆ ವರ್ಷದಿಂದ ಕರೆ ಮಾಡಿದವನೇ ಕೊಡುವ ಪದ್ಧತಿ ಬಂತು. ಅವನ ಕಂಪನಿಯು ಕರೆ ಮುಟ್ಟಿಸಿದ ಕಂಪನಿಗೆ ನಿಮಿಷಕ್ಕೆ ಇಷ್ಟೆಂದು ಕೊಡಬೇಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ನಿಗದಿ ಮಾಡಿದ ಈ ಶುಲ್ಕ 2004ರಲ್ಲಿ 30 ಪೈಸೆ ಇದ್ದದ್ದು 2009ಕ್ಕೆ 20, 2015ಕ್ಕೆ 14, 2017ಕ್ಕೆ 6 ಪೈಸೆಯಾಗಿ, 2021ರ ಜನವರಿ 1ಕ್ಕೆ ಸೊನ್ನೆಯಾಯಿತು. ಯುರೋಪ್ ಒಕ್ಕೂಟದಲ್ಲಿ ಮೊಬೈಲಿಗೆ ಇದರ ಮಿತಿ ಈಗಲೂ ನಿಮಿಷಕ್ಕೆ 0.2 ಯುರೋ ಸೆಂಟ್, ಅಂದರೆ ಸುಮಾರು 20 ಪೈಸೆ. ಅಮೆರಿಕದಲ್ಲಿ ಬಹುಕಾಲ ಕರೆ ಸ್ವೀಕರಿಸಿದವನ ನಿಮಿಷಗಳೂ ಖರ್ಚಾಗುತ್ತಿದ್ದವು. ಆಗ ಅಲ್ಲಿಯ ಒಂದು ಕರೆಗೆ ಎರಡು ಬಿಲ್ಲು, ಇಲ್ಲಿ ಒಂದೇ. ನಿಮಿಷದ ದರವನ್ನಷ್ಟೇ ಎದುರುಬದುರು ಇಟ್ಟರೆ ಲೆಕ್ಕ ತಪ್ಪುತ್ತದೆ.

2. ಮಿಸ್ಡ್ ಕಾಲ್ ಕೂಡ ಒಂದು ದರಪಟ್ಟಿ. ಎತ್ತದ ಕರೆಗೆ ದುಡ್ಡಿಲ್ಲ, ತಿರುಗಿ ಮಾಡಿದವನಿಗೆ ಖರ್ಚು. ಹೀಗಿದ್ದಲ್ಲಿ ಮಾತ್ರ ಮಿಸ್ಡ್ ಕಾಲ್ ಬೆಳೆಯುತ್ತದೆ. 2019ರಲ್ಲಿ ಜಿಯೊ ತನ್ನ ಗ್ರಾಹಕರ ಕರೆ ಬೇರೆ ಕಂಪನಿಯ ಫೋನಿನಲ್ಲಿ ರಿಂಗಾಗುವ ಅವಧಿಯನ್ನೇ ಕಡಿಮೆ ಮಾಡಿತು. ಫೋನ್ ಎತ್ತುವುದರೊಳಗೆ ರಿಂಗ್ ನಿಂತರೆ ಆ ಕಡೆಯವರು ತಿರುಗಿ ಮಾಡುತ್ತಾರೆ, ಆಗ ಆ 6 ಪೈಸೆ ಶುಲ್ಕ ಹರಿಯುವ ದಿಕ್ಕು ಬದಲಾಗುತ್ತದೆ ಎಂದು ಉಳಿದ ಕಂಪನಿಗಳು ತಕರಾರು ತೆಗೆದವು. ಕೊನೆಗೆ ಟ್ರಾಯ್ ಮೊಬೈಲಿಗೆ 30, ಸ್ಥಿರ ದೂರವಾಣಿಗೆ 60 ಸೆಕೆಂಡು ರಿಂಗಾಗಬೇಕೆಂದು ವಿಧಿಸಿತು. ಹೊಲದಲ್ಲಿದ್ದವರು ಬದುವಿಗೆ ಬಂದು ಫೋನ್ ಎತ್ತುವಷ್ಟು ಹೊತ್ತು ಸಿಗುತ್ತದೋ ಇಲ್ಲವೋ ಎಂಬುದು ದಿಲ್ಲಿಯಲ್ಲಿ ನಡೆದ ಪೈಸೆ ಜಗಳಕ್ಕೆ ಗಂಟುಬಿದ್ದಿತ್ತು. ಯಾವ ದೇಶದ ದರ ಹೋಲಿಕೆಯ ಕೋಷ್ಟಕದಲ್ಲೂ ಇದಕ್ಕೊಂದು ಕಾಲಂ ಕಂಡಿಲ್ಲ.

3. ಹಳೆಯ ಅಂಕಿಗಳಲ್ಲಿ ‘ಲೋಕಲ್ ಕಾಲ್’ ಎಂದಿದ್ದರೆ ಎಚ್ಚರ. ಸ್ಥಿರ ದೂರವಾಣಿಯ ಕೋಡ್ ಬಾಗಲಕೋಟೆಗೆ 08354, ಬಾದಾಮಿಗೆ 08357. ಹುನಗುಂದ, ಇಳಕಲ್ಲಿಗೆ ಒಂದೇ 08351. ಆಗೆಲ್ಲ ಕೋಡ್ ಬದಲಾದರೆ ಲೆಕ್ಕವೂ ಬದಲಾಗಬಹುದಿತ್ತು. 2006ರ ಮಾರ್ಚಿನಲ್ಲಿ ಬಿಎಸ್‌ಎನ್‌ಎಲ್ ‘ಒನ್ ಇಂಡಿಯಾ’ ಯೋಜನೆ ತಂದು ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ ಒಂದು ರೂಪಾಯಿ ಎಂದಿತು. ಎಸ್‌ಟಿಡಿ ಬೂತ್‌ಗಳು ಆಮೇಲೆ ಹೆಚ್ಚು ದಿನ ಬಾಳಲಿಲ್ಲ.

4. ಒಂದೊಂದು ದೇಶದ ಬ್ರಾಡ್‌ಬ್ಯಾಂಡ್ ಒಂದೊಂದು. ನಮ್ಮ ಸರ್ಕಾರದ ಲೆಕ್ಕದಲ್ಲಿ 2004ರಲ್ಲಿ 256 ಕೆಬಿಪಿಎಸ್ ಇದ್ದರೆ ಸಾಕಿತ್ತು, 2013ಕ್ಕೆ 512, 2023ಕ್ಕೆ 2 ಎಂಬಿಪಿಎಸ್. ಅಮೆರಿಕದಲ್ಲಿ 2024ರಿಂದ 100 ಎಂಬಿಪಿಎಸ್ ಇದ್ದರಷ್ಟೇ ಬ್ರಾಡ್‌ಬ್ಯಾಂಡ್.

5. ಡಾಲರಿಗೆ ಬದಲಿಸಿ ಹಿಗ್ಗಬೇಡಿ. 30 ಎಂಬಿಪಿಎಸ್ ಫೈಬರ್ 399 ರೂಪಾಯಿ ಎಂದು ಬೋರ್ಡಿನಲ್ಲಿರುತ್ತದೆ. 18 ಶೇಕಡ ಜಿಎಸ್‌ಟಿ ಸೇರಿಸಿದರೆ 471. ಡಾಲರಿಗೆ 80ರಂತೆ ಹಿಡಿದರೆ ಆರು ಡಾಲರ್ ಕೂಡ ಆಗದು. ಆದರೆ ರೂಪಾಯಿ ಇಲ್ಲಿ ಏನನ್ನು ಕೊಳ್ಳುತ್ತದೆ ಎಂಬ ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ ಡಾಲರಿಗೆ 20ರಿಂದ 25 ರೂಪಾಯಿ. ಆಗ ಅದೇ ಬಿಲ್ಲು ಇಪ್ಪತ್ತು ಡಾಲರಿನ ಆಸುಪಾಸು. ಇನ್ನೂ ನೇರ ದಾರಿ ಆದಾಯದ ಜೊತೆ ಹೋಲಿಸುವುದು. ವಿಶ್ವಸಂಸ್ಥೆಯ ಬ್ರಾಡ್‌ಬ್ಯಾಂಡ್ ಆಯೋಗ ತಲಾ ಮಾಸಿಕ ಆದಾಯದ 2 ಶೇಕಡದೊಳಗೆ ಪ್ರಾಥಮಿಕ ಇಂಟರ್ನೆಟ್ ಸಿಗಬೇಕೆಂದು ಗುರಿ ಇಟ್ಟಿದೆ. ಈ ಆದಾಯ ದೇಶದ ಸರಾಸರಿ. ಅದರೊಳಗೆ ಬೆಂಗಳೂರಿನ ಸಾಫ್ಟ್‌ವೇರ್ ಸಂಬಳವೂ ಇದೆ, ಮಗ್ಗದ ಕೂಲಿಯೂ ಇದೆ. ತಿಂಗಳಿಗೆ ಹತ್ತು ಸಾವಿರ ಬರುವ ನೇಕಾರರ ಮನೆಗೆ 2 ಶೇಕಡ ಎಂದರೆ 200 ರೂಪಾಯಿ. ಆ 471 ಎಲ್ಲಿ ನಿಂತಿತು ನೋಡಿ.

6. ಗಲ್ಫಿನ ಕರೆಗೆ ಬೇರೆಯೇ ನಿಯಮ. ದೇಶದೊಳಗಿನ ಶುಲ್ಕ ಸೊನ್ನೆಯಾದರೂ ಹೊರದೇಶದಿಂದ ಬಂದ ಕರೆ ಮುಟ್ಟಿಸಲು ನಮ್ಮ ಕಂಪನಿಗಳು ಹಣ ಪಡೆಯುತ್ತವೆ. 2020ರಲ್ಲಿ ಟ್ರಾಯ್ ಇದಕ್ಕೆ ನಿಮಿಷಕ್ಕೆ 35ರಿಂದ 65 ಪೈಸೆಯ ಮಿತಿ ಹಾಕಿತು. ಈ ಅಂತರ ನುಂಗಲೆಂದೇ, ಹೊರದೇಶದ ಕರೆಯನ್ನು ಇಲ್ಲಿನ ಸಿಮ್‌ನಿಂದ ಬಂದಂತೆ ತೋರಿಸುವ ಕಳ್ಳದಾರಿಯ ಸಿಮ್ ಬಾಕ್ಸ್‌ಗಳಿವೆ. ದುಬೈಯಿಂದ ಮಗ ಮಾತಾಡುತ್ತಿದ್ದರೂ ಪರದೆಯ ಮೇಲೆ ಇಲ್ಲಿನದೇ ಹತ್ತಂಕಿ ಬಂದರೆ ಅನುಮಾನಪಡಿ. ವಾಟ್ಸಾಪ್ ಇದೆಯಲ್ಲ ಎನ್ನಬೇಡಿ, ಯುಎಇಯಲ್ಲಿ ಅದರ ಧ್ವನಿ ಕರೆಗೆ ಬಹುಕಾಲದಿಂದ ತಡೆಯಿದೆ.

7. ಜಿಬಿ ದರಕ್ಕಿಂತ ಬಾಗಿಲ ದರ ಮುಖ್ಯ. ಜಿಬಿ ಲೆಕ್ಕದಲ್ಲಿ ನಾವು ಜಗತ್ತಿನ ಅತಿ ಅಗ್ಗದ ದೇಶಗಳ ಸಾಲಿನಲ್ಲಿದ್ದೇವೆ. ಆದರೆ ಬಾಗಿಲ ದರ, ಅಂದರೆ ನಂಬರ್ ಜೀವಂತ ಇಡುವ ಖರ್ಚು? 2024ರ ಜುಲೈಯಲ್ಲಿ ಜಿಯೊದ 155ರ ಪ್ಯಾಕ್ 189 ಆಯಿತು, 28 ದಿನಕ್ಕೆ. ತಿಂಗಳು ಹನ್ನೆರಡಾದರೂ ರೀಚಾರ್ಜ್ ಹದಿಮೂರು, ವರ್ಷಕ್ಕೆ 2,457 ರೂಪಾಯಿ. ಹುನಗುಂದದ ಕೀಪ್ಯಾಡ್ ಫೋನಿನ ಅಜ್ಜಿ ಮುಟ್ಟದ ಡೇಟಾಕ್ಕೂ ಅದರಲ್ಲಿ ದುಡ್ಡಿದೆ. ಡೇಟಾ ಇಲ್ಲದ, ಬರೀ ಮಾತು ಮತ್ತು ಎಸ್ಸೆಮ್ಮೆಸ್ ಪ್ಯಾಕ್ ಕೊಡಲೇಬೇಕೆಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ಆದೇಶಿಸಿದೆ. ಅವಧಿ 365 ದಿನದವರೆಗೂ ಇರಬಹುದು. ಅಂಗಡಿಯವರು ತಾವಾಗಿ ಹೇಳುವುದು ಕಡಿಮೆ. ನಿಮ್ಮ ಮನೆಯ ಹಿರಿಯರಿಗೆ ಮುಂದಿನ ರೀಚಾರ್ಜ್ ಮಾಡಿಸುವಾಗ ಈ ಪ್ಯಾಕನ್ನೇ ಕೇಳಿ, ಮತ್ತು ದರವನ್ನು ತಿಂಗಳಿಗಲ್ಲ, ದಿನಕ್ಕೆ ಭಾಗಿಸಿ ನೋಡಿ.