ನೂರರ ಫಲಕ ಮಳೆಗೆ ಬರೆದದ್ದಲ್ಲ

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿಗೆ ಗಂಟೆಗೆ 100 ಕಿ.ಮೀ. ಮಿತಿ. ಬಿಸಿಲಿಗೂ ಅಷ್ಟೇ, ಜಡಿಮಳೆಗೂ ಅಷ್ಟೇ. ವರ್ಷಗಟ್ಟಲೆ ಇಂಥ ರಸ್ತೆಗಳಲ್ಲಿ ಮಳೆಗೆ ಸಿಕ್ಕಿ ಓಡಿಸಿದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ಒದ್ದೆ ರಸ್ತೆಯಲ್ಲಿ ಕಾರನ್ನು ಉಳಿಸುವುದು ಬ್ರೇಕೂ ಅಲ್ಲ, ಕೈಚಳಕವೂ ಅಲ್ಲ, ನೀರು ಸಿಗುವ ಮೊದಲೇ ಇಳಿಸಿಕೊಂಡ ವೇಗ. ಇದು ಬರೀ ಬುದ್ಧಿಮಾತಲ್ಲ, ಲೆಕ್ಕವಿದೆ. ವಿಮಾನಗಳು ಒದ್ದೆ ರನ್‌ವೇಯಲ್ಲಿ ಏಕೆ ಜಾರುತ್ತವೆ ಎಂದು 1960ರ ದಶಕದಲ್ಲಿ ಅಮೆರಿಕದ ನಾಸಾದ ವಾಲ್ಟರ್ ಹಾರ್ನ್ ಮತ್ತು ಸಂಗಡಿಗರು ಹುಡುಕಿದರು. ಟೈರು ನೆಲ ಬಿಟ್ಟು ನೀರಿನ ಮೇಲೆ ತೇಲುವ ವೇಗ ಅದರೊಳಗಿನ ಗಾಳಿಯ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಇರುತ್ತದೆಂದು ತೋರಿಸಿದರು. ಆ ಸೂತ್ರಕ್ಕೆ ನಮ್ಮ ಕಾರುಗಳ 32 ಗಾಳಿ ಹಾಕಿ ನೋಡಿದರೆ ಉತ್ತರ ಸುಮಾರು 94 ಕಿ.ಮೀ. ತಿಂಗಳುಗಟ್ಟಲೆ ನೋಡದೆ ಬಿಟ್ಟು ಗಾಳಿ 25ಕ್ಕೆ ಇಳಿದಿದ್ದರೆ 83. ಫಲಕದ ಮೇಲಿನ ನೂರು ಇವೆರಡಕ್ಕಿಂತಲೂ ಮೇಲಿದೆ. ಬಟನ್ ಚೆನ್ನಾಗಿರುವ ಟೈರು ನೀರನ್ನು ಗೀರುಗಳಿಂದ ಹೊರದಬ್ಬಿ ಇನ್ನಷ್ಟು ತಡೆದುಕೊಳ್ಳುತ್ತದೆ, ನಿಜ. ಆದರೆ ಹೊಸ ಟೈರಿನಲ್ಲಿ ಸುಮಾರು 8 ಮಿ.ಮೀ. ಇರುವ ಆ ಗೀರು 1.6 ಮಿ.ಮೀ.ಗೆ ಸವೆಯುವವರೆಗೂ ನಮ್ಮ ಕಾನೂನು ಓಡಿಸಲು ಬಿಡುತ್ತದೆ. ಅಷ್ಟು ಸವೆದ ಟೈರಿನಲ್ಲಿ ಜಡಿಮಳೆಯ ನೀರು ಹೊರಹೋಗಲು ದಾರಿಯೇ ಉಳಿದಿರುವುದಿಲ್ಲ.

ನೀರು ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ನೋಡಬೇಕು. ನೇರ ರಸ್ತೆಯ ಇಳಿಜಾರು ಸಾಮಾನ್ಯವಾಗಿ ಎಡಕ್ಕಿರುತ್ತದೆ, ನೀರು ಅಂಚಿಗೆ ಹೋಗುತ್ತದೆ. ಬಲ ತಿರುವಿನಲ್ಲಿ ಮಾತ್ರ ಎಡಭಾಗವನ್ನು ಎತ್ತರಿಸಿರುತ್ತಾರೆ. ಆಗ ರಸ್ತೆಯ ಅಷ್ಟಗಲದ ನೀರೂ ಡಿವೈಡರ್ ಕಡೆಗೆ, ಅಂದರೆ ಎಲ್ಲರಿಗಿಂತ ವೇಗವಾಗಿ ಹೋಗುವವರ ಲೇನಿಗೆ ಹರಿದು ಬರುತ್ತದೆ. ಎಡದ ಇಳಿಜಾರು ಬಲಕ್ಕೆ ಬದಲಾಗುವ ನಡುವೆ ಸ್ವಲ್ಪ ದೂರ ರಸ್ತೆ ಮಟ್ಟಸವಾಗಿರುತ್ತದೆ, ಅಲ್ಲಿ ನೀರಿಗೆ ದಿಕ್ಕೇ ಇಲ್ಲ. ಡಿವೈಡರ್ ಬುಡದ ಕಿಂಡಿಗಳಲ್ಲಿ ಮಣ್ಣು, ಪ್ಲಾಸ್ಟಿಕ್, ಎಲೆಕಸ ಕಟ್ಟಿಕೊಂಡರೆ ಮುಗಿಯಿತು. ಟೋಲ್ ವಸೂಲಿ ಒಂದು ದಿನವೂ ತಪ್ಪದ ರಸ್ತೆಗಳಲ್ಲಿ ಮುಂಗಾರಿಗೆ ಮೊದಲು ಈ ಕಿಂಡಿಗಳನ್ನು ಬಿಡಿಸದಿರುವುದು ಅಕ್ಷಮ್ಯ, ಅದರ ಹೊಣೆ ರಸ್ತೆ ನೋಡಿಕೊಳ್ಳಬೇಕಾದ ಅಧಿಕಾರಿಗಳದ್ದೇ. ಆ ನೀರಿಗೆ ಕಾರು ನುಗ್ಗಿದ ಎರಡು ಮೂರು ಸೆಕೆಂಡು ಹೀಗಿರುತ್ತವೆ. ಮೊದಲು ಬಲಗಡೆಯ ಚಕ್ರಗಳು ನೀರಿಗೆ ಬೀಳುತ್ತವೆ. ಕಾರಿನ ಅಡಿಗೆ ಜಲ್ಲಿ ಸುರಿದ ಹಾಗೆ ಸದ್ದಾಗಿ ಸ್ಟೇರಿಂಗ್ ಬಲಕ್ಕೆ ಎಳೆಯುತ್ತದೆ. ಎಡ ಚಕ್ರಗಳೂ ನೀರಿಗೆ ಬಂದ ಕೂಡಲೆ ಆ ಎಳೆತ ನಿಂತು ಸ್ಟೇರಿಂಗ್ ಹಗುರವಾಗುತ್ತದೆ. ಹಗುರವಾಯಿತೆಂದರೆ ಮುಂದಿನ ಟೈರುಗಳು ನೆಲ ಬಿಟ್ಟಿವೆ. ಎಂಜಿನ್ ಸದ್ದು ಏರುತ್ತದೆ, ಕಾರಿನ ವೇಗ ಏರುವುದಿಲ್ಲ. ಹೆದರಿದ ಕೈ ಸ್ಟೇರಿಂಗನ್ನು ಎಡಕ್ಕೆ ತಿರುಗಿಸುತ್ತದೆ, ಕಾರು ಮಾತು ಕೇಳುವುದಿಲ್ಲ, ಕೈ ಇನ್ನಷ್ಟು ತಿರುಗಿಸುತ್ತದೆ. ನೀರು ಮುಗಿದು ಟೈರು ಮತ್ತೆ ಡಾಂಬರು ಹಿಡಿದಾಗ, ಆವರೆಗೆ ತಿರುಗಿಸಿದ್ದೆಲ್ಲ ಒಮ್ಮೆಗೇ ನಾಟಿ ಕಾರಿನ ಮೂತಿ ಎಡಕ್ಕೆ ಚಿಮ್ಮುತ್ತದೆ, ಹಿಂಭಾಗ ಬಲಕ್ಕೆ ಬೀಸುತ್ತದೆ. ಪಕ್ಕದ ಲೇನಿನ ಲಾರಿಗೆ ಕಾರು ಅಡ್ಡಲಾಗಿ ಹೋಗಿ ಸಿಕ್ಕಿಕೊಳ್ಳುವುದು ಹೀಗೆ. ಸ್ಟೇರಿಂಗ್ ಹಗುರವಾದರೆ ಅದನ್ನು ಹೋಗಬೇಕಾದ ದಿಕ್ಕಿಗೇ ಹಿಡಿದಿರಬೇಕು, ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲಗೆ ತೆಗೆಯಬೇಕು, ಬ್ರೇಕ್ ಮುಟ್ಟಬಾರದು.

ಎಬಿಎಸ್ ಇದೆಯಲ್ಲ ಎನ್ನುತ್ತಾರೆ. ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ಅದು ನೋಡಿಕೊಳ್ಳುತ್ತದೆ, ಸ್ಟೇರಿಂಗ್ ಕೈಯಲ್ಲಿ ಉಳಿಯುತ್ತದೆ. ಇಲ್ಲದ ಹಿಡಿತವನ್ನು ಅದು ಎಲ್ಲಿಂದ ತರಬೇಕು? ಒಣ ಡಾಂಬರಿನಲ್ಲಿ ಘರ್ಷಣೆಯ ಪ್ರಮಾಣ 0.7 ಎಂದಿಟ್ಟುಕೊಂಡರೆ, 80ರಲ್ಲಿ ಹೋಗುವ ಕಾರು ಬ್ರೇಕ್ ಹಿಡಿದ ಮೇಲೆ 36 ಮೀಟರಿನಲ್ಲಿ ನಿಲ್ಲುತ್ತದೆ. ಮಳೆಗೆ ಅದು 0.4ಕ್ಕೆ ಇಳಿದರೆ 63 ಮೀಟರ್ ಬೇಕು. ಅದೇ ಒದ್ದೆಯಲ್ಲಿ 60ಕ್ಕೆ ಇಳಿದವನಿಗೆ 35 ಮೀಟರ್ ಸಾಕು. ಇಪ್ಪತ್ತು ಕಿ.ಮೀ. ಕಡಿಮೆ ಮಾಡಿದರೆ ಒಣ ರಸ್ತೆಯ ಬ್ರೇಕೇ ವಾಪಸ್ ಸಿಕ್ಕಂತಾಯಿತು. ದೊಡ್ಡ ಎಸ್‌ಯುವಿ ತನ್ನ ಭಾರಕ್ಕೇ ನೆಲ ಕಚ್ಚಿಕೊಳ್ಳುತ್ತದೆ ಎಂಬ ನಂಬಿಕೆಯೂ ನಿಲ್ಲುವುದಿಲ್ಲ. ಹಾರ್ನ್ ಸೂತ್ರದಲ್ಲಿ ತೂಕಕ್ಕೆ ಜಾಗವಿಲ್ಲ. ಭಾರ ಹೆಚ್ಚಿದರೆ ಟೈರು ನೆಲದ ಮೇಲೆ ಇನ್ನಷ್ಟು ಅಗಲಕ್ಕೆ ಹರಡಿಕೊಳ್ಳುತ್ತದೆ, ಅಷ್ಟೇ. ಎರಡೇ ಹೊಸ ಟೈರು ಕೊಂಡಾಗ ಮುಂದಕ್ಕೆ ಹಾಕಿಸುವ ರೂಢಿಯನ್ನೂ ಬಿಡಬೇಕು. ಮುಂದಿನದು ಜಾರಿದರೆ ಸ್ಟೇರಿಂಗ್ ಹೇಳುತ್ತದೆ. ಹಿಂದಿನದು ಜಾರಿದ್ದು ತಿಳಿಯುವ ಹೊತ್ತಿಗೆ ಕಾರು ತಿರುಗಿಯಾಗಿರುತ್ತದೆ. ಹೊಸದನ್ನು ಹಿಂದಕ್ಕೆ ಹಾಕಿ ಎಂದು ಟೈರು ತಯಾರಿಸುವವರೇ ಹೇಳುತ್ತಾರೆ.

ಗಟ್ಟಿ ಆಕ್ಷೇಪ ಇನ್ನೊಂದಿದೆ: ನಾನೊಬ್ಬ ನಿಧಾನಕ್ಕೆ ಹೋದರೆ ಹಿಂದಿನವನು ಬಂದು ಗುದ್ದುತ್ತಾನೆ. ಈ ಮಾತನ್ನು ತಳ್ಳಿಹಾಕಲಾಗದು. ಒಬ್ಬೊಬ್ಬರ ವಿವೇಕಕ್ಕೆ ಬಿಟ್ಟರೆ ಒಂದೇ ರಸ್ತೆಯಲ್ಲಿ 60ರವನೂ 110ರವನೂ ಇರುತ್ತಾರೆ, ಒಬ್ಬರಿಗೊಬ್ಬರು ಅಪಾಯವಾಗುತ್ತಾರೆ. ಅದಕ್ಕೇ ಮಿತಿ ಎಲ್ಲರಿಗೂ ಒಟ್ಟಿಗೆ ಇಳಿಯಬೇಕು. ಫ್ರಾನ್ಸಿನ ಮೋಟಾರು ಹೆದ್ದಾರಿಗಳಲ್ಲಿ ಒಣ ದಿನ 130 ಇರುವ ಮಿತಿ ಮಳೆ ಬಂದರೆ ಕಾನೂನಿನಂತೆ 110. ಮೈಸೂರು ರಸ್ತೆಯಲ್ಲಿ ವೇಗ ಹಿಡಿಯುವ ಕ್ಯಾಮೆರಾಗಳು ಈಗಾಗಲೇ ಇವೆ. ಮಳೆಯ ಹೊತ್ತಿಗೆ 80 ಎಂದು ನಿಗದಿ ಮಾಡಿದರೆ ಅವೇ ಜಾರಿ ಮಾಡಬಲ್ಲವು. ಅಲ್ಲಿಯವರೆಗೆ ಮಳೆ ಜೋರಾದರೆ ಎಡ ಲೇನಿಗೆ ಬಂದು ಹೆಡ್‌ಲೈಟ್ ಹಾಕಿಕೊಂಡು ಹೋಗುವುದೇ ದಾರಿ. ನಾಲ್ಕೂ ಇಂಡಿಕೇಟರ್ ಮಿನುಗಿಸಿಕೊಂಡು ಓಡಿಸುವುದು ಬೇಡ: ನೀವು ನಿಂತಿದ್ದೀರೋ, ಲೇನ್ ಬದಲಿಸುತ್ತಿದ್ದೀರೋ ಎಂದು ಹಿಂದಿನ ಲಾರಿಯವನಿಗೆ ಗೊತ್ತಾಗುವುದಿಲ್ಲ.