ಊಟ ಬಿಡುವುದು ಉಳಿತಾಯವಲ್ಲ, ಮಗಳೇ

ಬೇಳೆ, ಎಣ್ಣೆ, ತರಕಾರಿ ಬೆಲೆ ಏರಿದಾಗಲೆಲ್ಲ ಬಡವರಿಗೆ ಬುದ್ಧಿ ಹೇಳುವವರು ಹುಟ್ಟಿಕೊಳ್ಳುತ್ತಾರೆ. “ಒಂದು ಹೊತ್ತು ಬಿಟ್ಟರೆ ಏನಾಗುತ್ತೆ? ಮೈಗೂ ಒಳ್ಳೆಯದು” ಅನ್ನುತ್ತಾರೆ. ಬೆಂಗಳೂರಿನಲ್ಲಿ ಹೊಸದಾಗಿ ಸಂಸಾರ ಹೂಡಿ, ಗಾರ್ಮೆಂಟ್ಸ್ ಸಂಬಳದಲ್ಲಿ ಮನೆ ತೂಗಿಸುತ್ತಿರುವ ನೀನೂ ಬೆಳಗಿನ ತಿಂಡಿ ಬಿಟ್ಟಿದ್ದೀಯ ಎಂದು ತಿಳಿದು ಸಂಕಟವಾಯಿತು. ಅಂಗನವಾಡಿಯಲ್ಲಿ ಮಕ್ಕಳ ತೂಕ ಬರೆದಿಡುತ್ತಲೇ ವಯಸ್ಸಾದವಳು ನಾನು. ಹಸಿವು ಮೈಯನ್ನು ಹೇಗೆ ತಿನ್ನುತ್ತದೆ ಎಂದು ಕಣ್ಣಾರೆ ಕಂಡಿದ್ದೇನೆ. ಈ ಮಾತುಗಳನ್ನು ಮನಸ್ಸಿಗೆ ಹಾಕಿಕೋ.

• ಹೊಟ್ಟೆ ಕಟ್ಟಿ ದುಡ್ಡು ಉಳಿಸಬೇಡ. ದಿನವಿಡೀ ಮಷಿನ್ ಮುಂದೆ ಕೂತು ಹೊಲಿಯುವವಳಿಗೆ ಖಾಲಿ ಹೊಟ್ಟೆಯಲ್ಲಿ ತಲೆ ಸುತ್ತುತ್ತದೆ, ಕೈ ನಡುಗುತ್ತದೆ. ಅದರಿಂದ ಒಂದು ದಿನದ ಸಂಬಳ ಹೋಗಿ, ಮೇಲೆ ಆಸ್ಪತ್ರೆ ಖರ್ಚು ಬಂದರೆ ತಿಂಗಳೆಲ್ಲ ತಿಂಡಿ ಬಿಟ್ಟು ಉಳಿಸಿದ್ದೂ ಸಾಲದು.

• ಕಡೆಗೆ ಉಣ್ಣುವವಳು ನೀನಾಗಬೇಡ. ಮನೆಯಲ್ಲಿ ಅಡುಗೆ ಕಡಿಮೆಯಾದಾಗ ಗಂಡನಿಗೂ ಮಕ್ಕಳಿಗೂ ಬಡಿಸಿ, ತಳದಲ್ಲಿ ಉಳಿದದ್ದನ್ನು ಉಣ್ಣುವವಳು ಹೆಂಗಸೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ, ನಮ್ಮ ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಇದ್ದದ್ದನ್ನು ಎಲ್ಲರೂ ಒಟ್ಟಿಗೆ ಕೂತು, ಸಮನಾಗಿ ಬಡಿಸಿಕೊಂಡು ಉಣ್ಣಿ.

• ಶಾಸ್ತ್ರಿಯವರ ಹೆಸರು ಹೇಳಿದರೆ ಮರುಳಾಗಬೇಡ. 1965ರಲ್ಲಿ, ಯುದ್ಧ ಮತ್ತು ಬರ ಒಟ್ಟಿಗೆ ಬಂದಾಗ, ಲಾಲ್ ಬಹದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತು ಊಟ ಬಿಡಿ ಎಂದು ದೇಶವನ್ನು ಕೇಳಿಕೊಂಡದ್ದು ನಿಜ. ಅದನ್ನು ಮೊದಲು ತಮ್ಮ ಮನೆಯಲ್ಲೇ ನಡೆಸಿದರು. ಉಂಡವರು ಇಲ್ಲದವರಿಗಾಗಿ ಬಿಡುವುದು ತ್ಯಾಗ. ಇಲ್ಲದವರಿಗೆ ಬಿಡು ಅನ್ನುವುದು ಅನ್ಯಾಯ.

• ತುಟ್ಟಿಯಾದ ಪದಾರ್ಥ ಬಿಡು, ಊಟ ಬಿಡಬೇಡ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿತಲ್ಲ, ಆಗ ಹುಣಸೆಹಣ್ಣೇ ಸಾರಿಗೆ ಆಸರೆಯಾಯಿತು. ತೊಗರಿಬೇಳೆ ಎಟುಕದಿದ್ದರೆ ಹುರುಳಿಕಾಳು ತಾ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಸೊಪ್ಪಿನ ಜೊತೆ ಬೇಯಿಸಿ, ಕಟ್ಟನ್ನು ಬಸಿದುಕೋ. ಒಂದು ಹಿಡಿ ಬೆಂದ ಕಾಳಿಗೆ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಹುಣಸೆ ಸೇರಿಸಿ ರುಬ್ಬಿ ಕಟ್ಟಿಗೆ ಹಾಕಿ ಕುದಿಸಿದರೆ ಬಸ್ಸಾರು. ಉಳಿದ ಕಾಳು, ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಸಲ ಬೇಯಿಸಿದರೆ ಎರಡೂ ಆಗುತ್ತವೆ.

• ರಾಗಿಯನ್ನು ಮರೆಯಬೇಡ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಚೂರು ಪಾಲಷ್ಟೇ. ಬೆಳಿಗ್ಗೆ ಸಮಯವಿಲ್ಲದಿದ್ದರೆ ರಾತ್ರಿಯೇ ಅಂಬಲಿ ಕಾಯಿಸಿಡು. ಮಜ್ಜಿಗೆ, ಉಪ್ಪು ಬೆರೆಸಿ ಕುಡಿದು ಹೊರಡು.

• ಪಡಿತರ ನಿನ್ನ ಹಕ್ಕು, ಸಂಕೋಚ ಬೇಡ. 2013ರ ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ ಕಾರ್ಡಿನಲ್ಲಿ ಹೆಸರಿರುವ ತಲೆಯೊಂದಕ್ಕೆ ತಿಂಗಳಿಗೆ 5 ಕಿಲೋ ಧಾನ್ಯ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ. ಅದರ ಮೇಲೆ ರಾಜ್ಯದ ಅನ್ನಭಾಗ್ಯವಿದೆ. ಕಾರ್ಡು ಊರಿನಲ್ಲಿದೆ ಎಂದು ಸುಮ್ಮನಿರಬೇಡ, ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲೂ ಹೆಬ್ಬೆಟ್ಟು ಕೊಟ್ಟು ತೆಗೆದುಕೊಳ್ಳಬಹುದು. ತೂಕ ಕಣ್ಣಮುಂದೆ ಹಾಕಿಸು. ಕಡಿಮೆ ಕೊಟ್ಟರೆ 1967ಕ್ಕೆ ಫೋನ್ ಮಾಡು.

• ಸರ್ಕಾರದ ಊಟವನ್ನು ಧೈರ್ಯವಾಗಿ ಉಣ್ಣು. ಇಂದಿರಾ ಕ್ಯಾಂಟೀನ್ 2017ರಲ್ಲಿ ಶುರುವಾದದ್ದೇ ನಮ್ಮಂಥವರಿಗಾಗಿ: ತಿಂಡಿಗೆ 5 ರೂಪಾಯಿ, ಊಟಕ್ಕೆ 10. ನಾಳೆ ಬಸುರಿಯಾದಾಗ ಅಂಗನವಾಡಿಯಲ್ಲಿ ಹೆಸರು ಬರೆಸು, ಮಾತೃಪೂರ್ಣ ಯೋಜನೆಯಲ್ಲಿ ಬಸುರಿ, ಬಾಣಂತಿಯರಿಗೆ ಬಿಸಿಯೂಟವಿದೆ. ಆ ಹೊತ್ತಿನಲ್ಲಂತೂ ಒಂದು ತುತ್ತೂ ಬಿಡಬೇಡ, ಅದು ಎರಡು ಜೀವದ ಊಟ.

• ದಿನಸಿಗೆ ಮೀಟರ್ ಬಡ್ಡಿ ಸಾಲ ಮಾಡಬೇಡ. ವಠಾರದ ನಾಲ್ಕೈದು ಮನೆಯವರು ದುಡ್ಡು ಕೂಡಿಸಿ ಬೇಳೆ, ಎಣ್ಣೆ ಸಗಟಿನಲ್ಲಿ ತಂದು ಹಂಚಿಕೊಳ್ಳಿ. ತೀರಾ ಕಷ್ಟವಾದರೆ ಸ್ವಸಹಾಯ ಸಂಘದ ಸಾಲ ಕೇಳು.

• ಬೆಲೆ ಏರಿದಷ್ಟು ಸಂಬಳ ಏರಿದೆಯೇ ನೋಡು. 2022–23ರ ಕೇಂದ್ರದ ಸಮೀಕ್ಷೆಯಲ್ಲಿ ಹಳ್ಳಿಯ ಮನೆಖರ್ಚಿನಲ್ಲಿ ನೂರಕ್ಕೆ ಸುಮಾರು 46 ಪಾಲು, ಪಟ್ಟಣದಲ್ಲಿ 39 ಪಾಲು ಊಟದ್ದೇ. ಬಡವರ ಮನೆಯಲ್ಲಿ ಅದು ಇನ್ನೂ ಹೆಚ್ಚು. ಅದಕ್ಕೇ ಕನಿಷ್ಠ ಕೂಲಿಯ ಜೊತೆ ತುಟ್ಟಿಭತ್ಯೆ ಇಟ್ಟಿರುವುದು. ಬೆಲೆ ಸೂಚ್ಯಂಕ ನೋಡಿ ಪ್ರತಿ ಏಪ್ರಿಲ್‌ನಲ್ಲಿ ಅದನ್ನು ಪರಿಷ್ಕರಿಸುತ್ತಾರೆ. 2020ರ ಏರಿಕೆಯನ್ನು ರಾಜ್ಯದ ಹಲವು ಗಾರ್ಮೆಂಟ್ಸ್‌ನವರು ತಡೆಹಿಡಿದಿದ್ದರು. ಹೆಣ್ಣುಮಕ್ಕಳು, ಸಂಘಟನೆಗಳು ಪಟ್ಟು ಬಿಡದೆ ಹೋರಾಡಿ 2022ರಲ್ಲಿ ಬಾಕಿ ಕೊಡಿಸಿಕೊಂಡರು. ಹಾಗಾಗಿ ಏಪ್ರಿಲ್, ಮೇ ತಿಂಗಳ ಪೇ ಸ್ಲಿಪ್ ಎರಡನ್ನೂ ಪಕ್ಕಪಕ್ಕ ಇಟ್ಟು ಹಳೆಯದರೊಂದಿಗೆ ಹೋಲಿಸು. ಏರದಿದ್ದರೆ ಜೊತೆಯವರನ್ನು ಕರೆದುಕೊಂಡು ಕಾರ್ಮಿಕ ಸಂಘಕ್ಕೆ, ಕಾರ್ಮಿಕ ಇಲಾಖೆಗೆ ಹೋಗಿ ಅರ್ಜಿ ಕೊಡು, ಸ್ವೀಕೃತಿ ಪಡೆದೇ ಬಾ. ಬೆಲೆ ಏರಿಕೆಯ ಭಾರವನ್ನು ಹೊರಬೇಕಾದವರು ಹೊರಲಿ, ನಿನ್ನ ಹೊಟ್ಟೆ ಹೊರಬೇಕಾಗಿಲ್ಲ.