ಮನೆಯಲ್ಲೇ ಸಿಹಿ–ಹುಳಿ ಸಲಾಡ್ ಡ್ರೆಸ್ಸಿಂಗ್: ಮಾಡುತ್ತ ಕಲಿತ ಪಾಠಗಳು

ಹಸಿ ತರಕಾರಿ, ಸೊಪ್ಪು, ಹಣ್ಣು ಅಥವಾ ಬೇಯಿಸಿದ ಕಾಳಿಗೆ ಬಡಿಸುವ ಮುಂಚೆ ಕಲಸುವ ರುಚಿಯ ರಸವೇ ಸಲಾಡ್ ಡ್ರೆಸ್ಸಿಂಗ್. ಸಿಹಿ–ಹುಳಿ ಡ್ರೆಸ್ಸಿಂಗ್‌ನಲ್ಲಿ ಐದು ಅಂಗಗಳಿರುತ್ತವೆ: ಹುಳಿ, ಸಿಹಿ, ಉಪ್ಪು, ಎಣ್ಣೆ, ಮತ್ತು ಹುಳಿನೀರೂ ಎಣ್ಣೆಯೂ ಬೇರೆಯಾಗದಂತೆ ಹಿಡಿದಿಡುವ ಒಂದು ಪದಾರ್ಥ. ಸಾಮಗ್ರಿ ಐದೇ ಆದರೂ ಅವುಗಳನ್ನು ಸೇರಿಸುವ ಕ್ರಮ ತಪ್ಪಿದರೆ ರುಚಿ ಕೂಡುವುದಿಲ್ಲ. ಮಾಡಿ ರೂಢಿಯಾದವರಿಗೆ ಮೊದಲು ಗೊತ್ತಾಗುವುದೂ ಇದೇ: ಅಳತೆಯನ್ನು ಆಯಾ ದಿನದ ನಿಂಬೆಹಣ್ಣಿಗೆ ತಕ್ಕಂತೆ ಬದಲಿಸಬಹುದು, ಕ್ರಮವನ್ನು ಬದಲಿಸುವಂತಿಲ್ಲ.

ಈ ರಸದ ಮೂಲ ಮಾದರಿ ಫ್ರೆಂಚ್ ಅಡುಗೆಯ ವಿನೆಗ್ರೆಟ್. ಮೂರು ಪಾಲು ಎಣ್ಣೆಗೆ ಒಂದು ಪಾಲು ವಿನೆಗರ್, ಉಪ್ಪು, ಕಾಳುಮೆಣಸು, ಬೇಕಾದರೆ ಸಾಸಿವೆ, ಇಷ್ಟೇ ಅದರ ಸಾಂಪ್ರದಾಯಿಕ ರೂಪ. ಅದಕ್ಕೆ ಸಿಹಿ ಬೆರೆತು ಮನೆಮನೆಯ ರುಚಿಯಾದದ್ದು ಅಮೆರಿಕದಲ್ಲಿ. ಅಲ್ಲಿ ‘ಫ್ರೆಂಚ್ ಡ್ರೆಸ್ಸಿಂಗ್’ ಎಂಬ ಹೆಸರಿನಲ್ಲಿ ಸಿಗುವುದು ಸಾಮಾನ್ಯವಾಗಿ ಟೊಮೆಟೊ, ಸಕ್ಕರೆ, ವಿನೆಗರ್ ಸೇರಿದ ಕಿತ್ತಳೆ ಬಣ್ಣದ ರಸ. ಅಲ್ಲಿನ ಸರ್ಕಾರ 1950ರಲ್ಲಿ ಇದಕ್ಕೊಂದು ಅಧಿಕೃತ ಮಾನದಂಡ ಗೊತ್ತುಮಾಡಿ, ತೂಕದಲ್ಲಿ ಕನಿಷ್ಠ ಶೇ. 35ರಷ್ಟು ಸಸ್ಯಜನ್ಯ ಎಣ್ಣೆ ಇರಬೇಕೆಂದು ವಿಧಿಸಿತ್ತು. ಆ ಮಾನದಂಡ ರದ್ದಾದದ್ದು 2022ರಲ್ಲಿ. ಕನ್ನಡದ ಅಡುಗೆಗೂ ಈ ರುಚಿ ಹೊಸದಲ್ಲ. ಕೋಸಂಬರಿಗೆ ನಿಂಬೆರಸ ಹಿಂಡಿ ಒಗ್ಗರಣೆ ಹಾಕುವಾಗ ಹುಳಿ, ಉಪ್ಪು, ಎಣ್ಣೆ ಮೂರೂ ಸೇರುತ್ತವೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಮಾವಿನಹಣ್ಣಿಗೆ ಬೆಲ್ಲ ಹಾಕಿ, ತೆಂಗಿನಕಾಯಿಯ ಜೊತೆ ಸಾಸಿವೆ ಅರೆದು ಬೆರೆಸುವ ‘ಸಾಸಿವೆ’ಯಲ್ಲಿ ಸಿಹಿ, ಹುಳಿ, ಖಾರ ಒಟ್ಟಿಗೇ ಇವೆ.

ಹುಳಿ

ಡ್ರೆಸ್ಸಿಂಗ್‌ನ ಮೊದಲ ಆಯ್ಕೆ ಹುಳಿಯದು, ಏಕೆಂದರೆ ಉಳಿದೆಲ್ಲವನ್ನೂ ಅದರ ಮೇಲೆ ಅಳೆಯಬೇಕು. ನಿಂಬೆರಸದ ಹುಳಿಗೆ ಕಾರಣ ಸಿಟ್ರಿಕ್ ಆಮ್ಲ, ವಿನೆಗರ್‌ನ ಹುಳಿಗೆ ಅಸಿಟಿಕ್ ಆಮ್ಲ. ಸಿಟ್ರಿಕ್ ಆಮ್ಲ ಆವಿಯಾಗುವುದಿಲ್ಲ. ಅಸಿಟಿಕ್ ಆಮ್ಲ ಆವಿಯಾಗಿ ಮೂಗಿಗೆ ಬಡಿಯುತ್ತದೆ. ಹೀಗಾಗಿ ಎರಡರ ಹುಳಿಯೂ ಹೆಚ್ಚುಕಡಿಮೆ ಸಮನಾಗಿದ್ದರೂ ವಿನೆಗರ್ ತೀಕ್ಷ್ಣವೆನಿಸುತ್ತದೆ. ನಿಂಬೆರಸದ ಘಮ ಹಿಂಡಿದ ಕೆಲವು ಗಂಟೆಗಳಲ್ಲಿ ಮಂಕಾಗುವುದರಿಂದ ಅದನ್ನು ಆಗಲೇ ಹಿಂಡಿ ಬಳಸಬೇಕು. ವಿನೆಗರ್‌ಗೆ ಆ ತೊಂದರೆಯಿಲ್ಲ.

ಭಾರತದ ಆಹಾರ ನಿಯಮದಂತೆ ವಿನೆಗರ್‌ನಲ್ಲಿ ಕನಿಷ್ಠ ಶೇ. 3.75ರಷ್ಟು ಅಸಿಟಿಕ್ ಆಮ್ಲ ಇರಬೇಕು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಬಿಳಿ ವಿನೆಗರ್ ಬಹುಪಾಲು ಅಸಿಟಿಕ್ ಆಮ್ಲಕ್ಕೆ ನೀರು ಬೆರೆಸಿ ಮಾಡಿದ್ದು. ಅದರ ಚೀಟಿಯ ಮೇಲೆ ‘ಸಿಂಥೆಟಿಕ್’ ಎಂದು ನಮೂದಿಸುವುದು ಕಡ್ಡಾಯ. ಅದರಲ್ಲಿ ಹುಳಿ ಇರುತ್ತದೆ, ಪರಿಮಳವಿಲ್ಲ. ಹಸಿಯಾಗಿ ತಿನ್ನುವ ಡ್ರೆಸ್ಸಿಂಗ್‌ಗೆ ಸೇಬು, ದ್ರಾಕ್ಷಿಯಂಥ ಹಣ್ಣಿನ ರಸ ಹುದುಗಿಸಿ ಮಾಡಿದ ವಿನೆಗರ್ ಮೇಲು. ಇಟಲಿಯ ಮೊಡೆನಾದ ಬಾಲ್ಸಾಮಿಕ್ ವಿನೆಗರ್ ತಾನೇ ಸಿಹಿಯಾಗಿರುವುದರಿಂದ ಅದನ್ನು ಬಳಸಿದಾಗ ಬೇರೆ ಸಿಹಿಯನ್ನು ಅರ್ಧಕ್ಕಿಳಿಸಬೇಕು. ಹುಣಸೆಹಣ್ಣು ಮತ್ತು ಕರಾವಳಿಯ ಪುನರ್ಪುಳಿಯೂ ಒಳ್ಳೆಯ ಹುಳಿಗಳೇ. ಅವುಗಳ ಬಳಕೆ ಮುಂದೆ ಬರುತ್ತದೆ.

ಸಿಹಿ

ಸಿಹಿ ಹಾಕಿದರೆ ಹುಳಿ ಇಲ್ಲವಾಗುವುದಿಲ್ಲ. ಆಮ್ಲ ಅಷ್ಟೇ ಇರುತ್ತದೆ, ನಾಲಿಗೆಗೆ ಅದರ ಚುರುಕು ಮಾತ್ರ ಕಡಿಮೆಯಾಗಿ ಕಾಣುತ್ತದೆ. ಇದರಿಂದ ತಿಳಿಯುವ ಪಾಠ ಮುಖ್ಯವಾದದ್ದು. ಹುಳಿ ವಿಪರೀತವಾಯಿತೆಂದು ಸಿಹಿಯನ್ನೇ ಸುರಿಯುತ್ತ ಹೋದರೆ ರಸ ಪಾನಕದಂತಾಗುತ್ತದೆ, ಹುಳಿ ಒಳಗೇ ಉಳಿದಿರುತ್ತದೆ. ಹುಳಿ ಮಿತಿ ಮೀರಿದಾಗ ಮೊದಲು ಎಣ್ಣೆಯನ್ನೋ ಒಂದೆರಡು ಚಮಚ ನೀರನ್ನೋ ಸೇರಿಸಿ, ಆಮೇಲೆ ಸಿಹಿಯತ್ತ ಕೈ ಹಾಕಬೇಕು.

ಜೇನುತುಪ್ಪ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಅದು ದ್ರವವಾಗಿರುವುದರಿಂದ ಬೇಗ ಬೆರೆಯುತ್ತದೆ. ಅದರಲ್ಲಿ ಹೆಚ್ಚಿರುವ ಫ್ರಕ್ಟೋಸ್ ಸಾಮಾನ್ಯ ಸಕ್ಕರೆಗಿಂತ ಸಿಹಿಯಾದ್ದರಿಂದ ಕಡಿಮೆ ಸಾಕಾಗುತ್ತದೆ. ಮಂದವಾಗಿರುವುದರಿಂದ ರಸಕ್ಕೆ ಮೈ ಬರುತ್ತದೆ. ಹರಳುಗಟ್ಟಿದ ಜೇನನ್ನು ಒಲೆಯ ಮೇಲಿಡದೆ, ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಬೇಕು. ಒಂದು ವರ್ಷ ತುಂಬದ ಮಗುವಿಗೆ ಜೇನು ಯಾವ ರೂಪದಲ್ಲೂ ಕೂಡದು; ಅದರಲ್ಲಿರಬಹುದಾದ ಬಾಟುಲಿಸಂ ರೋಗಾಣುವಿನ ಬೀಜಕಗಳನ್ನು ತಡೆದುಕೊಳ್ಳುವ ಶಕ್ತಿ ಎಳೆಗೂಸಿನ ಕರುಳಿಗಿಲ್ಲ.

ಸಿರಸಿ ಕಡೆಯ ಜೋನಿಬೆಲ್ಲ ಜೇನಿನ ಜಾಗವನ್ನು ಚೆನ್ನಾಗಿ ತುಂಬುತ್ತದೆ. ಅಚ್ಚುಬೆಲ್ಲವನ್ನು ಬಿಸಿನೀರಿನಲ್ಲಿ ಕರಗಿಸಿ, ಕಲ್ಲು ಕಸ ಹೋಗುವಂತೆ ಸೋಸಿ, ಆರಿಸಿ ಬಳಸಬೇಕು. ಸಕ್ಕರೆಯಾದರೆ ಪುಡಿ ಮಾಡಿ ಹಾಕುವುದು ಲೇಸು. ಜೇನು, ಬೆಲ್ಲ ಎರಡೂ ಸಕ್ಕರೆಯ ರೂಪಗಳೇ. ಮಧುಮೇಹ ಇರುವವರು ಇವನ್ನೂ ಸಕ್ಕರೆಯ ಲೆಕ್ಕಕ್ಕೇ ಸೇರಿಸಬೇಕು.

ಉಪ್ಪು

ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಸುರಿದು ಕಲಕಿದರೆ ಹರಳುಗಳ ಸುತ್ತ ಎಣ್ಣೆ ಕಟ್ಟಿಕೊಂಡು ಅವು ತಳಕ್ಕಿಳಿಯುತ್ತವೆ. ಮೇಲಿನ ರಸ ಸಪ್ಪೆ, ಕೊನೆಯ ತುತ್ತು ಉಪ್ಪುಪ್ಪು. ಸಕ್ಕರೆಯ ಕತೆಯೂ ಇದೇ. ಆದ್ದರಿಂದ ಉಪ್ಪನ್ನೂ ಸಿಹಿಯನ್ನೂ ಹುಳಿರಸದಲ್ಲಿ ಪೂರ್ತಿ ಕರಗಿಸಿ, ರುಚಿ ನೋಡಿ, ನಂತರವೇ ಎಣ್ಣೆ ಹಾಕುವುದು ನಿಯಮ. ಉಪ್ಪಿಗೆ ಇನ್ನೊಂದು ಗುಣವಿದೆ: ಅದು ಕಹಿಯನ್ನು ಅಡಗಿಸುತ್ತದೆ, ಸಿಹಿಯನ್ನು ಎದ್ದು ಕಾಣಿಸುತ್ತದೆ. ಸಿಹಿ ಸಾಲದು ಎನಿಸಿದ ರಸಕ್ಕೆ ಎಷ್ಟೋ ಸಲ ಬೇಕಾಗಿರುವುದು ಚಿಟಿಕೆ ಉಪ್ಪು.

ಎಣ್ಣೆ

ಎಣ್ಣೆ ಹುಳಿಯ ಮೊನಚನ್ನು ಮೃದುವಾಗಿಸಿ ರಸವನ್ನು ತರಕಾರಿಗೆ ಅಂಟಿಸುತ್ತದೆ. ಅದಕ್ಕೆ ಪೋಷಣೆಯ ಕೆಲಸವೂ ಇದೆ. ಕ್ಯಾರೆಟ್, ಟೊಮೆಟೊ, ಸೊಪ್ಪುಗಳಲ್ಲಿರುವ ಕ್ಯಾರೊಟಿನಾಯ್ಡ್‌ಗಳು ಕೊಬ್ಬಿನಲ್ಲಿ ಕರಗುವಂಥವು. ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೊಬ್ಬಿಲ್ಲದ ಡ್ರೆಸ್ಸಿಂಗ್ ಜೊತೆ ಸಲಾಡ್ ತಿಂದವರ ದೇಹ ಇವನ್ನು ಹೀರಿಕೊಂಡದ್ದು ತೀರ ನಗಣ್ಯ. ಕೊಬ್ಬಿರುವ ಡ್ರೆಸ್ಸಿಂಗ್ ತಿಂದಾಗ ಅದು ಗಮನಾರ್ಹವಾಗಿ ಹೆಚ್ಚಿತು. ಹಾಗೆಂದು ಸುರಿಯುವ ಅಗತ್ಯವಿಲ್ಲ. ಒಂದು ದೊಡ್ಡ ಚಮಚ ಎಣ್ಣೆಯಲ್ಲೇ ಸುಮಾರು 120 ಕಿಲೋಕ್ಯಾಲೊರಿ ಇರುತ್ತದೆ.

ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆಗೆ ತನ್ನದೇ ಒಗರೂ ಖಾರವೂ ಇದೆ. ಅದನ್ನು ಮಿಕ್ಸಿಯಲ್ಲಿ ರಭಸವಾಗಿ ತಿರುಗಿಸಿದರೆ ಕಹಿ ಎದ್ದುಬರುತ್ತದೆ, ಕೈಯಲ್ಲೇ ಕಡೆಯಬೇಕು. ಗಾಣದ ಶೇಂಗಾ ಎಣ್ಣೆ ಮತ್ತು ಎಳ್ಳೆಣ್ಣೆ ಘಮ ಹೆಚ್ಚಿರುವಂಥವು; ಹುಣಸೆ–ಬೆಲ್ಲದ ಜೊತೆ ಒಪ್ಪುತ್ತವೆ, ನಿಂಬೆ–ಜೇನಿನ ನಯವಾದ ರುಚಿಯನ್ನು ಮುಚ್ಚಿಹಾಕುತ್ತವೆ. ಅಂಥಲ್ಲಿ ಸೂರ್ಯಕಾಂತಿ ಎಣ್ಣೆ ಸಾಕು. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ ತಣ್ಣಗಿನ ತರಕಾರಿಯ ಮೇಲೆ ಬಿಳಿ ಚೂರುಗಳಾಗಿ ನಿಲ್ಲುತ್ತದೆ. ಡ್ರೆಸ್ಸಿಂಗ್‌ಗೆ ಅದು ಬೇಡ.

ಸಾಸಿವೆ

ಎಣ್ಣೆ ಮತ್ತು ನೀರು ಬೆರೆಯುವುದಿಲ್ಲ; ಕಡೆದರೆ ಎಣ್ಣೆ ಸಣ್ಣ ಹನಿಗಳಾಗಿ ಒಡೆದು, ಕೆಲ ನಿಮಿಷಗಳಲ್ಲಿ ಮತ್ತೆ ಮೇಲೆ ತೇಲುತ್ತದೆ. ಅರೆದ ಸಾಸಿವೆಯ ಸಿಪ್ಪೆಯಲ್ಲಿರುವ ಲೋಳೆ ಈ ಹನಿಗಳ ನಡುವೆ ನಿಂತು ಅವು ಕೂಡಿಕೊಳ್ಳುವುದನ್ನು ತಡೆಯುತ್ತದೆ. ಡ್ರೆಸ್ಸಿಂಗ್‌ಗೆ ಸಾಸಿವೆ ಹಾಕುವುದು ರುಚಿಗಷ್ಟೇ ಅಲ್ಲ ಎನ್ನುವುದು ಇದಕ್ಕೇ.

ಸಾಸಿವೆಯ ಖಾರ ಒಣ ಕಾಳಿನಲ್ಲಿ ಇರುವುದಿಲ್ಲ. ಕಾಳು ಒಡೆದು ನೀರು ತಾಗಿದಾಗ ಅದರೊಳಗಿನ ಕಿಣ್ವ ಕೆಲಸ ಮಾಡಿ ಖಾರ ಹುಟ್ಟುತ್ತದೆ. ಕುದಿಯುವ ನೀರು ಹಾಕಿದರೆ ಕಿಣ್ವ ಸಾಯುತ್ತದೆ. ಆರಂಭದಲ್ಲೇ ಹುಳಿ ಹಾಕಿದರೆ ಅದರ ಕೆಲಸ ಕುಂಟುತ್ತದೆ. ಆದ್ದರಿಂದ ಸಾಸಿವೆಯನ್ನು ತಣ್ಣೀರಿನಲ್ಲಿ ಅರೆದು ಹತ್ತು ನಿಮಿಷ ಬಿಟ್ಟು, ಖಾರ ಏರಿದ ಮೇಲೆ ಹುಳಿಗೆ ಸೇರಿಸಬೇಕು. ಆಗ ಹುಳಿಯೇ ಆ ಖಾರವನ್ನು ಕಾಪಾಡುತ್ತದೆ. ಅತಿಯಾಗಿ ಅರೆದರೆ ಕಹಿಯಾಗುತ್ತದೆ ಎಂಬುದು ಹಣ್ಣಿನ ಸಾಸಿವೆ ಮಾಡುವವರಿಗೆಲ್ಲ ಗೊತ್ತಿರುವ ಮಾತು. ಬಾಟಲಿಯಲ್ಲಿ ಸಿಗುವ ಸಾಸಿವೆ ಪೇಸ್ಟ್‌ಗೆ ಈ ಯಾವ ಉಪಚಾರವೂ ಬೇಡ, ಆದರೆ ಅದರಲ್ಲಿ ಮೊದಲೇ ಉಪ್ಪು–ಹುಳಿ ಇರುತ್ತದೆ ಎನ್ನುವುದು ಲೆಕ್ಕದಲ್ಲಿರಲಿ.

ಮೂಲ ಅಳತೆ ಮತ್ತು ವಿಧಾನ

ನಾಲ್ಕೈದು ಜನಕ್ಕೆ ಬೇಕಾಗುವುದು: ನಿಂಬೆರಸ ಅಥವಾ ಹಣ್ಣಿನ ವಿನೆಗರ್ 2 ದೊಡ್ಡ ಚಮಚ (30 ಮಿ.ಲೀ.), ಜೇನುತುಪ್ಪ 1 ದೊಡ್ಡ ಚಮಚ, ಉಪ್ಪು ಅರ್ಧ ಚಿಕ್ಕ ಚಮಚ, ಅರೆದ ಸಾಸಿವೆ 1 ಚಿಕ್ಕ ಚಮಚ, ಕಾಳುಮೆಣಸಿನ ಪುಡಿ ಎರಡು ಚಿಟಿಕೆ, ಎಣ್ಣೆ 4 ದೊಡ್ಡ ಚಮಚ (60 ಮಿ.ಲೀ.). ಫ್ರೆಂಚ್ ಅಳತೆಯ ಮೂರು ಪಾಲು ಎಣ್ಣೆ ಇಲ್ಲಿ ಎರಡಕ್ಕಿಳಿದಿದೆ. ಹುಳಿಯನ್ನು ಮೃದುವಾಗಿಸುವ ಕೆಲಸದಲ್ಲಿ ಜೇನೂ ಪಾಲುಗೊಳ್ಳುವುದರಿಂದ ಅಷ್ಟು ಎಣ್ಣೆ ಬೇಕಾಗುವುದಿಲ್ಲ.

ಗಾಜು, ಪಿಂಗಾಣಿ ಅಥವಾ ಸ್ಟೀಲ್ ಬಟ್ಟಲಲ್ಲಿ ಹುಳಿರಸ ಹಾಕಿ ಉಪ್ಪನ್ನು ಕರಗಿಸಬೇಕು. ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಪಾತ್ರೆಗಳು ಹುಳಿಗೆ ಆಗುವುದಿಲ್ಲ. ನಂತರ ಜೇನು, ಸಾಸಿವೆ, ಮೆಣಸಿನ ಪುಡಿ ಸೇರಿಸಿ ಕಲಕಬೇಕು. ಕೊನೆಗೆ ಎಣ್ಣೆಯನ್ನು ಮೊದಲು ಹನಿಹನಿಯಾಗಿ, ಆಮೇಲೆ ಸಣ್ಣ ಧಾರೆಯಾಗಿ ಬಿಡುತ್ತ ಬಿಡದೆ ಕಡೆಯಬೇಕು. ರಸ ಮಸುಕಾಗಿ, ತುಸು ಮಂದವಾದರೆ ಹದ ಬಂತೆಂದು ತಿಳಿಯಬಹುದು. ಕಡೆಯುವ ತಾಳ್ಮೆ ಇಲ್ಲದಿದ್ದರೆ ಎಲ್ಲವನ್ನೂ ಇದೇ ಕ್ರಮದಲ್ಲಿ ಬಿಗಿ ಮುಚ್ಚಳದ ಬಾಟಲಿಗೆ ಹಾಕಿ ಅರ್ಧ ನಿಮಿಷ ಜೋರಾಗಿ ಕುಲುಕಿದರೂ ಆಗುತ್ತದೆ. ಕುಲುಕಲು ಜಾಗವಿರುವಂತೆ ಬಾಟಲಿಯ ಅರ್ಧದಷ್ಟು ಖಾಲಿ ಬಿಡಬೇಕು.

ರುಚಿ ನೋಡುವುದು

ಚಮಚದಿಂದ ನೆಕ್ಕಿ ನೋಡಿದರೆ ಡ್ರೆಸ್ಸಿಂಗ್ ಯಾವಾಗಲೂ ಅತಿಯೆನಿಸುತ್ತದೆ. ಅದು ಹಾಗೆಯೇ ಇರಬೇಕು, ಏಕೆಂದರೆ ಉಪ್ಪು ಖಾರವಿಲ್ಲದ ನೀರುತರಕಾರಿಗೆ ಅದು ರುಚಿ ಕೊಡಬೇಕಾಗಿದೆ. ಯಾವ ತರಕಾರಿಗೆ ಹಾಕುವುದೋ ಅದರದೇ ಒಂದು ಎಲೆ ಅಥವಾ ಹೋಳನ್ನು ರಸದಲ್ಲಿ ಅದ್ದಿ ತಿಂದು ತೀರ್ಮಾನಿಸುವುದೇ ಸರಿ. ಈ ಸಾಲುಗಳನ್ನು ಬರೆದವರ ಅಡುಗೆಮನೆಯಲ್ಲಿ ಹೆಚ್ಚು ಪ್ರಯೋಜನಕ್ಕೆ ಬಂದಿರುವ ಅಭ್ಯಾಸ ಇದೊಂದೇ. ಮೆಂತ್ಯದ ಎಳೆಸೊಪ್ಪಿನಂಥ ಕಹಿಗೆ ಜೇನು ಸ್ವಲ್ಪ ಮುಂದಿರಬೇಕು. ಬೀಟ್‌ರೂಟ್, ಕ್ಯಾರೆಟ್, ದಾಳಿಂಬೆಯಂಥ ಸಿಹಿಗೆ ಹುಳಿ ಮುಂದಿರಬೇಕು. ಸೌತೆಕಾಯಿ, ಲೆಟ್ಯೂಸ್‌ಗಳಿಗೆ ಮೂಲ ಅಳತೆ ಸಾಕು. ತಣ್ಣಗಾದಾಗ ಸಿಹಿ ನಾಲಿಗೆಗೆ ಮಂಕಾಗಿ ತಿಳಿಯುವುದರಿಂದ, ಫ್ರಿಜ್‌ನಿಂದ ತೆಗೆದು ಕೂಡಲೇ ಬಡಿಸುವುದಿದ್ದರೆ ತಣ್ಣಗಿರುವಾಗಲೇ ಇನ್ನೊಮ್ಮೆ ನೋಡಬೇಕು.

ಕೆಲವು ಬದಲಾವಣೆಗಳು

ಹುಣಸೆ–ಬೆಲ್ಲ: ಸಣ್ಣ ನಿಂಬೆ ಗಾತ್ರದ ಹುಣಸೆಹಣ್ಣನ್ನು ಕಾಲು ಲೋಟ ಬಿಸಿನೀರಿನಲ್ಲಿ ನೆನೆಸಿ, ಕಿವುಚಿ, ಸೋಸಬೇಕು. ಅದಕ್ಕೆ ಪುಡಿಬೆಲ್ಲ ಒಂದೂವರೆ ದೊಡ್ಡ ಚಮಚ, ಉಪ್ಪು, ಹುರಿದ ಜೀರಿಗೆ ಪುಡಿ, ಚಿಟಿಕೆ ಅಚ್ಚಖಾರದ ಪುಡಿ, ಗಾಣದ ಎಣ್ಣೆ 2 ದೊಡ್ಡ ಚಮಚ. ಹುಣಸೆಯ ತಿರುಳೇ ಮಂದವಾಗಿರುವುದರಿಂದ ಸಾಸಿವೆ ಬೇಕಿಲ್ಲ. ಬೇಯಿಸಿದ ಶೇಂಗಾ, ಕಡಲೆಕಾಳು, ಗೆಣಸಿಗೆ ಇದು ಒಗ್ಗುತ್ತದೆ.

ಪುನರ್ಪುಳಿ: ಉತ್ತರ ಕನ್ನಡದವರು ಮುರುಗಲು ಎನ್ನುವ ಈ ಹಣ್ಣಿನ ಆರೇಳು ಒಣಸಿಪ್ಪೆಗಳನ್ನು ಕಾಲು ಲೋಟ ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿದರೆ ಕೆಂಪು ಹುಳಿರಸ ಸಿಗುತ್ತದೆ. ಕೆಲವು ಸಿಪ್ಪೆಗಳಿಗೆ ಉಪ್ಪು ಹಾಕಿ ಒಣಗಿಸಿರುತ್ತಾರೆ. ರಸದ ರುಚಿ ನೋಡಿದ ಮೇಲೆಯೇ ಉಪ್ಪು ಸೇರಿಸಬೇಕು. ಈರುಳ್ಳಿ, ಸೌತೆಕಾಯಿ, ಎಲೆಕೋಸಿಗೆ ಇದು ಬಣ್ಣವನ್ನೂ ಕೊಡುತ್ತದೆ.

ಟೊಮೆಟೊ: ಅಮೆರಿಕದ ಮಾದರಿಗೆ ಕೆಚಪ್ 3, ವಿನೆಗರ್ 3, ಸಕ್ಕರೆ ಪುಡಿ 2, ಎಣ್ಣೆ 6 ದೊಡ್ಡ ಚಮಚ, ತುರಿದ ಈರುಳ್ಳಿ 1 ಚಿಕ್ಕ ಚಮಚ. ಕೆಚಪ್‌ನಲ್ಲೇ ಉಪ್ಪು, ಸಕ್ಕರೆ, ವಿನೆಗರ್ ಇರುವುದರಿಂದ ಉಪ್ಪು ಕೊನೆಗೆ, ನೋಡಿ ಹಾಕಬೇಕು.

ತರಕಾರಿಗೆ ಕಲಸುವುದು

ಸೊಪ್ಪು ಒದ್ದೆಯಾಗಿದ್ದರೆ ರಸ ಎಲೆಗೆ ಹಿಡಿಯದೆ ತಟ್ಟೆಯ ತಳ ಸೇರುತ್ತದೆ. ತೊಳೆದ ಎಲೆಗಳನ್ನು ಶುಭ್ರವಾದ ಹತ್ತಿ ಬಟ್ಟೆಯಲ್ಲಿ ಸುತ್ತಿ ನೀರು ಪೂರ್ತಿ ತೆಗೆಯಬೇಕು. ಎಲೆಯ ಮೇಲಿನ ಮೇಣದ ಪದರ ನೀರನ್ನು ತಡೆಯುತ್ತದೆ, ಎಣ್ಣೆಯನ್ನು ತಡೆಯುವುದಿಲ್ಲ. ಎಣ್ಣೆ ಒಳಗಿಳಿದ ಸ್ವಲ್ಪ ಹೊತ್ತಿಗೆ ಎಲೆ ಬಾಡುವುದರಿಂದ ಸೊಪ್ಪಿನ ಸಲಾಡನ್ನು ಎಲ್ಲರೂ ಊಟಕ್ಕೆ ಕುಳಿತ ಮೇಲೆಯೇ ಕಲಸಬೇಕು. ಒಬ್ಬರ ಪಾಲಿನ ಸೊಪ್ಪಿಗೆ ಒಂದು ದೊಡ್ಡ ಚಮಚ ರಸ ಸಾಕು.

ಎಲೆಕೋಸು, ಸೌತೆಕಾಯಿ, ಮೂಲಂಗಿಗಳದು ಬೇರೆ ಸ್ವಭಾವ. ಉಪ್ಪು ತಾಗಿದೊಡನೆ ಅವು ನೀರು ಬಿಟ್ಟು ರಸವನ್ನು ತೆಳುಮಾಡುತ್ತವೆ. ಕೋಸಂಬರಿಗೆ ಬಡಿಸುವ ಹೊತ್ತಿಗೆ ಉಪ್ಪು ಹಾಕುವ ರೂಢಿಯ ಹಿಂದಿರುವುದೂ ಇದೇ ಕಾರಣ. ಇನ್ನೊಂದು ಉಪಾಯವೆಂದರೆ ಹೆಚ್ಚಿದ ತರಕಾರಿಗೆ ಚಿಟಿಕೆ ಉಪ್ಪು ಬೆರೆಸಿ ಕಾಲು ಗಂಟೆ ಬಿಟ್ಟು, ಬಿಟ್ಟ ನೀರನ್ನು ಹಿಂಡಿ, ಆಮೇಲೆ ಡ್ರೆಸ್ಸಿಂಗ್ ಕಲಸುವುದು. ಆಗ ಡ್ರೆಸ್ಸಿಂಗ್‌ನ ಉಪ್ಪನ್ನು ಅರ್ಧ ಮಾಡಬೇಕು.

ಇಟ್ಟುಕೊಳ್ಳುವುದು

ನಿಂಬೆ–ಜೇನಿನ ರಸ ಮುಚ್ಚಿದ ಗಾಜಿನ ಬಾಟಲಿಯಲ್ಲಿ, ಫ್ರಿಜ್‌ನಲ್ಲಿ ನಾಲ್ಕೈದು ದಿನ ಚೆನ್ನಾಗಿರುತ್ತದೆ. ಹಸಿ ಈರುಳ್ಳಿ, ಕೊತ್ತಂಬರಿ ಅಥವಾ ಬೆಳ್ಳುಳ್ಳಿ ಸೇರಿದ್ದರೆ ಎರಡು ಮೂರು ದಿನಗಳಲ್ಲಿ ಮುಗಿಸಬೇಕು. ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಹಾಕಿ ಹೊರಗಿಡುವುದು ಅಪಾಯ. ಗಾಳಿಯಾಡದ ಎಣ್ಣೆಯೊಳಗೆ ಬಾಟುಲಿಸಂ ರೋಗಾಣು ಬೆಳೆಯಬಲ್ಲದು, ಅದು ಬೆಳೆದದ್ದು ವಾಸನೆಯಿಂದ ತಿಳಿಯುವಂಥದ್ದಲ್ಲ. ಆಲಿವ್ ಎಣ್ಣೆ ಫ್ರಿಜ್‌ನಲ್ಲಿ ಗಟ್ಟಿಯಾದರೆ ಕೆಟ್ಟಿದೆಯೆಂದಲ್ಲ. ಹತ್ತು ನಿಮಿಷ ಹೊರಗಿಟ್ಟರೆ ಕರಗುತ್ತದೆ. ರಸ ಎರಡು ಪದರವಾಗುವುದೂ ದೋಷವಲ್ಲ, ಕುಲುಕಿದರೆ ಕೂಡಿಕೊಳ್ಳುತ್ತದೆ. ಘಮ ಕೆಡದೆ ಸಿಗುವುದು ಮಾಡಿದ ದಿನವೇ ಆದ್ದರಿಂದ, ಬಾಟಲಿ ತುಂಬ ಮಾಡಿಡುವುದಕ್ಕಿಂತ ಒಂದೆರಡು ಊಟಕ್ಕಾಗುವಷ್ಟನ್ನೇ ಮಾಡಿಕೊಳ್ಳುವುದು ಒಳ್ಳೆಯದು. ಇದಕ್ಕೆ ಬೇಕಾಗುವುದು ಐದು ನಿಮಿಷ.